ಪುಕ್ಕದ ಜಾಕೆಟ್ ತಂದ ವರ್ಷ

ಹೋದ ವಾರ, ವರ್ಷಕ್ಕಾಗುವಷ್ಟು ಹುಣಸೆಹಣ್ಣು ತರೋಣವೆಂದು ಯಶವಂತಪುರದ ಯಾರ್ಡಿಗೆ ಹೋಗಿದ್ದೆ. ಮಂಡಿಗಳ ಹಿಂದಿನ ಸಾಲಿನಲ್ಲಿರುವ ಕೋಲ್ಡ್ ಸ್ಟೋರೇಜಿನ ಮುಂದೆ ನಾನು ಸ್ಕೂಟರ್ ನಿಲ್ಲಿಸುವುದಕ್ಕೂ ಒಳಗಿನವರು ಅದರ ದಪ್ಪ ಬಾಗಿಲು ತೆಗೆಯುವುದಕ್ಕೂ ಸರಿಹೋಯಿತು. ಒಣಮೆಣಸಿನಕಾಯಿಯ ಘಾಟು, ಹುಣಸೆಯ ಹುಳಿ, ಒದ್ದೆ ಗೋಣಿಯ ವಾಸನೆ, ಎಲ್ಲವೂ ತಣ್ಣಗೆ ಒಟ್ಟಿಗೇ ಮುಖಕ್ಕೆ ಬಡಿದವು. ಎರಡು ಸಲ ಸೀನಿದೆ. ಮೂರನೆಯದು ಬರುವುದರೊಳಗೆ ಜಾಕೆಟ್ ಕೊಂಡ ಆ ಚಳಿಗಾಲ ಪೂರ್ತಿ ನೆನಪಾಗಿಬಿಟ್ಟಿತು.

ತುಮಕೂರು ರಸ್ತೆಯ ಮೇಲೆ ಮೆಟ್ರೋ ಹೊಸದಾಗಿ ಓಡತೊಡಗಿದ್ದ ಕಾಲ ಅದು. ನಮ್ಮಪ್ಪ ಅವರೆಕಾಯಿ ಬೆಳೆಯುತ್ತಿದ್ದ ಹೊಲದ ಒಂದು ಮೂಲೆಯಲ್ಲಿ, ಬಾಗಲಗುಂಟೆಯಲ್ಲಿ, ನನ್ನದೊಂದು ಹಾರ್ಡ್‌ವೇರ್ ಅಂಗಡಿ. ಮೇಲೆ ಮನೆ. ಮೊಳೆ, ಪೈಪು, ನಲ್ಲಿ, ಬಣ್ಣ ಇವುಗಳ ನಡುವೆ ಇಪ್ಪತ್ತೈದು ವರ್ಷ ಕಳೆದ ನನಗೆ ಲೋಕದ ಯಾವ ವಸ್ತುವನ್ನಾದರೂ ಕೈಯಲ್ಲಿ ಎತ್ತಿ ನೋಡಿದರೆ ಅಸಲಿಯೋ ನಕಲಿಯೋ ಗೊತ್ತಾಗುತ್ತದೆ ಎಂಬ ಜಂಬವಿತ್ತು. ಹಿತ್ತಾಳೆ ನಲ್ಲಿ ಹಗುರವಾಗಿದ್ದರೆ ಅದು ಡುಪ್ಲಿಕೇಟು. ಪೈಪು ಹಗುರವಾಗಿದ್ದರೆ ಒಂದೇ ಬೇಸಿಗೆಗೆ ಬಿರುಕು ಬಿಡುತ್ತದೆ. ಭಾರವಿದ್ದರೆ ಮಾಲು, ಇಷ್ಟೇ ನನ್ನ ವಿದ್ಯೆ.

ನನ್ನ ಹೆಂಡತಿ ಪದ್ಮ ಆಗ ನಲವತ್ತೇಳು ದಾಟಿದ್ದಳು. ಮಗಳ ಮದುವೆಯಾದ ಮೇಲೆ ಬೆಳಿಗ್ಗೆ ಪಾರ್ಕಿಗೆ ಹೋಗಿ ನಡೆಯುವ ಅಭ್ಯಾಸ ಮಾಡಿಕೊಂಡಳು. ಅಲ್ಲಿ ಅವಳಿಗೆ ನಾಲ್ಕು ಜನ ಗೆಳತಿಯರು ಸಿಕ್ಕರು. ಅವರ ಮುಖಂಡತ್ವ ಲಲಿತಾ ಮೇಡಂ ಅವರದು. ಅವರು ಸ್ಕೂಲಿನಲ್ಲಿ ಆಟದ ಟೀಚರಾಗಿ ನಿವೃತ್ತರಾದವರು, ಕೊರಳಿನ ಸೀಟಿಯನ್ನು ಮಾತ್ರ ನಿವೃತ್ತಿಗೊಳಿಸಿರಲಿಲ್ಲ. ಪಾರ್ಕು ಸಾಲದೆ ಈ ಐವರು ಬೆಟ್ಟಗಳಿಗೆ ಹೋಗತೊಡಗಿದರು. ದೇವರಾಯನದುರ್ಗ ಆಯಿತು, ಸಾವನದುರ್ಗ ಆಯಿತು. ಶಿವಗಂಗೆಗೆ ಹೊರಟಾಗ ಪದ್ಮ ನನ್ನನ್ನೂ ಕರೆದಳು. ನಾನು ಹೋದೆ. ಕೆಳಗಡೆ ಸೌತೆಕಾಯಿ ಮಾರುವವಳ ಛತ್ರಿಯ ನೆರಳಲ್ಲಿ ಕೂತು, ಅವರೆಲ್ಲ ಹತ್ತಿ ಇಳಿದು ಬರುವವರೆಗೆ ಏಳು ಸೌತೆಕಾಯಿ ತಿಂದೆ. ಆಮೇಲೆ ಅವಳು ಕರೆಯಲಿಲ್ಲ, ನಾನೂ ಕೇಳಲಿಲ್ಲ.

ದಸರಾ ಮುಗಿದ ವಾರ. ಉಪ್ಪಿಟ್ಟಿನ ತಟ್ಟೆ ಮುಂದಿಡುತ್ತಾ ಪದ್ಮ ಹೇಳಿದಳು, "ರೀ, ಡಿಸೆಂಬರ್‌ಗೆ ನಾವು ಹಿಮಾಲಯಕ್ಕೆ ಹೋಗ್ತಿದೀವಿ. ಹಿಮದಲ್ಲೇ ಟೆಂಟ್ ಹಾಕ್ಕೊಂಡು ಮೂರು ದಿನ ಇರ್ಬೇಕಂತೆ. ಒಂದೊಳ್ಳೆ ಜಾಕೆಟ್ ನೋಡ್ಬೇಕು."

ನಾನು "ಆಯ್ತು, ನೋಡೋಣ" ಎಂದೆ.

ಆ ಎರಡು ಮಾತಿನಲ್ಲೇ ನಾನು ಕೆಟ್ಟೆ. ಅವಳು "ನಾವು" ಎಂದಾಗ ಇಪ್ಪತ್ತಾರು ವರ್ಷದ ಸಂಸಾರದಲ್ಲಿ ನಾನು ತಿಳಿದುಕೊಂಡಿದ್ದುದನ್ನೇ ಅವತ್ತೂ ತಿಳಿದುಕೊಂಡೆ. ನಾವು ಮಗಳ ಮನೆಗೆ ಹೋಗ್ತೀವಿ, ನಾವು ಈ ಸಲ ಗೋಡೆಗೆ ಹಸಿರು ಬಣ್ಣ ಹೊಡಿಸ್ತೀವಿ. ಅದೇ ನಾವು. ಸೌತೆಕಾಯಿಯ ಪ್ರಸಂಗವನ್ನು ಕ್ಷಮಿಸಿ ಇವಳು ನನ್ನನ್ನು ಮತ್ತೆ ಸೇರಿಸಿಕೊಂಡಳಲ್ಲ ಎಂದು ನನಗೆ ಒಳಗೊಳಗೇ ಬಹಳ ಸಂತೋಷವಾಯಿತು. ಸಂಜೆಯ ಬೋಂಡ ಬಿಟ್ಟೆ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅಂಗಡಿಯಿಂದ ಟೆರೇಸಿನವರೆಗೆ ಮೂರು ಮಹಡಿ ಹತ್ತಿ ಇಳಿಯತೊಡಗಿದೆ. ಪದ್ಮ ಒಂದು ದಿನ ನೋಡಿ, "ಏನ್ರೀ, ಟ್ಯಾಂಕ್ ತುಂಬಿತಾ?" ಎಂದಳು. ಹೂಂ ಎಂದೆ. ಏದುಸಿರಿಗೆ ಅದಕ್ಕಿಂತ ಹೆಚ್ಚು ಮಾತು ಹೊರಡುವಂತಿರಲಿಲ್ಲ.

ಲಲಿತಾ ಮೇಡಂ ಎಲ್ಲರಿಗೂ ಒಂದು ಪಟ್ಟಿ ಬರೆದುಕೊಟ್ಟಿದ್ದರು. ಅದರ ಮೂರನೇ ಸಾಲು: "ಡೌನ್ ಜಾಕೆಟ್, ಲೈಟ್‌ವೆಯ್ಟ್, ಟೋಪಿ ಇರುವುದು – 1." ಈ ಡೌನ್ ಎಂಬುದನ್ನು ನಾನು ಎರಡು ದಿನ ಯೋಚಿಸಿದೆ. ಬೆಟ್ಟ ಇಳಿಯುವಾಗ ಹಾಕಿಕೊಳ್ಳುವುದು ಇರಬೇಕು, ಹತ್ತುವಾಗ ಹಾಕಿಕೊಳ್ಳುವುದಕ್ಕೆ ಬೇರೊಂದು ಇರುತ್ತದೆ, ಅದನ್ನು ಬರೆಯಲು ಮೇಡಂ ಮರೆತಿದ್ದಾರೆ ಎಂದುಕೊಂಡೆ. ಪಕ್ಕದಲ್ಲಿದ್ದ "1" ನನ್ನ ಕಣ್ಣಿಗೆ ಬಿತ್ತು. ತಲೆಗೊಂದು ಎಂದು ಅರ್ಥಮಾಡಿಕೊಂಡೆ.

ಬಾಗಲಗುಂಟೆಯವನಿಗೆ ಚಳಿ ಎಂದರೆ ಏನು ಗೊತ್ತು? ಸಂಕ್ರಾಂತಿಯ ಹಿಂದೆ ಮುಂದೆ ನಾಲ್ಕು ದಿನ ಮಂಕಿ ಕ್ಯಾಪು ಹಾಕಿ, ಮಫ್ಲರ್ ಸುತ್ತಿ, "ಈ ಸಲ ಚಳಿ ಜಾಸ್ತಿ ಕಣ್ರೀ" ಎಂದು ಒಬ್ಬರಿಗೊಬ್ಬರು ಹೇಳಿಕೊಂಡರೆ ನಮ್ಮ ಚಳಿಗಾಲ ಮುಗಿಯಿತು. ಸೊನ್ನೆಯ ಕೆಳಗೂ ಚಳಿ ಇರುತ್ತದೆ ಎಂಬುದು ನಮಗೆ ಫ್ರಿಜ್ಜಿನ ವಿಷಯ. ಕಾಣದ ಚಳಿಗೆ ಅಂಗಿ ಅಳೆಯುವುದು ಹೇಗೆ ಎಂದು ತಿಳಿಯದೆಯೇ ಒಂದು ಭಾನುವಾರ ನಾವಿಬ್ಬರೂ ಹೆಬ್ಬಾಳದ ಕಡೆ ರಿಂಗ್ ರಸ್ತೆಯಲ್ಲಿದ್ದ ದೊಡ್ಡ ಸ್ಪೋರ್ಟ್ಸ್ ಸಾಮಾನಿನ ಅಂಗಡಿಗೆ ಹೋದೆವು.

ಅಲ್ಲಿದ್ದ ಹುಡುಗಿ ಸ್ವತಃ ಬೆಟ್ಟ ಹತ್ತುವವಳು, ತಿಳಿದವಳು. ಎರಡು ಜಾಕೆಟ್ ತಂದು ಮೇಜಿನ ಮೇಲಿಟ್ಟಳು.

"ಸರ್, ಇದು ಡೌನ್. ಬಾತುಕೋಳಿ ಎದೆ ಹತ್ರ ಮೆತ್ತಗೆ ಪುಕ್ಕ ಇರತ್ತಲ್ಲ, ಅದನ್ನ ತುಂಬಿರ್ತಾರೆ. ಸಿಕ್ಕಾಪಟ್ಟೆ ಲೈಟು. ಮಡಚಿದ್ರೆ ಇಷ್ಟೇ ಚೀಲದೊಳಗೆ ಹೋಗ್ಬಿಡತ್ತೆ. ಒದ್ದೆ ಆದ್ರೆ ಮಾತ್ರ ಬಿಸಿ ನಿಲ್ಲಲ್ಲ. ಇದು ಸಿಂಥೆಟಿಕ್, ಒಳಗೆ ನಾರು. ಒದ್ದೆ ಆದ್ರೂ ಪರ್ವಾಗಿಲ್ಲ, ಆದ್ರೆ ಭಾರ, ಜಾಗಾನೂ ಜಾಸ್ತಿ ತಿನ್ನತ್ತೆ."

ನಾನು ಎರಡನ್ನೂ ಎತ್ತಿ ನೋಡಿದೆ. ಪುಕ್ಕದ ಜಾಕೆಟ್ ಕೈಯಲ್ಲಿದೆಯೋ ಇಲ್ಲವೋ ಎಂಬಂತಿತ್ತು. ನನ್ನ ಇಪ್ಪತ್ತೈದು ವರ್ಷದ ವಿದ್ಯೆ ಇದು ಡುಪ್ಲಿಕೇಟು ಎಂದಿತು.

"ಭಾರದ್ದೇ ತಗೊಳ್ಳೋಣ ಕಣೇ. ಇದ್ರಲ್ಲಿ ಏನೂ ಇಲ್ಲ," ಎಂದೆ.

"ಬೆನ್ನ ಮೇಲೆ ಹೊತ್ಕೊಂಡು ಹತ್ತೋದು ನಾವೇ ಅಲ್ವಾ ರೀ? ಹಗುರದ್ದೇ ಇರ್ಲಿ," ಎಂದಳು ಪದ್ಮ. ಮತ್ತೆ ಅದೇ ನಾವು. ನಾನು ತಲೆಯಾಡಿಸಿದೆ.

ಅವಳಿಗೆ ಇನ್ನೊಂದು ಅನುಮಾನವಿತ್ತು. ನಮ್ಮ ಮನೆಯಲ್ಲಿ ಕೋಳಿ ಮಾಡುತ್ತೇವೆ, ಆದರೆ ಸೋಮವಾರ, ಶನಿವಾರ ಮುಟ್ಟುವುದಿಲ್ಲ. ಅವಳು ದನಿ ತಗ್ಗಿಸಿ ಆ ಹುಡುಗಿಯನ್ನು ಕೇಳಿದಳು, "ಇದನ್ನ ಸೋಮವಾರ ಹಾಕ್ಕೋಬಹುದಾ?"

"ಯಾವತ್ತು ಬೇಕಾದ್ರೂ ಹಾಕ್ಕೋಬಹುದು ಮೇಡಂ," ಎಂದಳು ಹುಡುಗಿ, ಏನೂ ಅರ್ಥವಾಗದೆ. ಪದ್ಮಳಿಗೆ ಅಷ್ಟು ಪರವಾನಗಿ ಸಾಕಾಯಿತು.

"ಸರಿ, ಎಷ್ಟು ಪೀಸ್ ಕೊಡ್ಲಿ?" ಎಂದು ಹುಡುಗಿ ಕೇಳಿದಳು.

ನಾನು "ಎರಡು" ಎಂದೆ. ಅದೇ ಹೊತ್ತಿಗೆ ಪದ್ಮ "ಒಂದು" ಎಂದಳು.

ಹುಡುಗಿ ನಮ್ಮಿಬ್ಬರ ಮುಖ ನೋಡಿದಳು. ಪದ್ಮ ನನ್ನ ಮುಖ ನೋಡಿದಳು. ಆ ನೋಟದಲ್ಲಿ ಕಪಟ ಏನೂ ಇರಲಿಲ್ಲ. ನಿಜವಾಗಿಯೂ ತಿಳಿಯದೆ, ಎರಡು ಯಾತಕ್ಕೆ ಎಂದು ಕೇಳುವ ನೋಟ ಅದು. ಆಗ ನನಗೆ ಎಲ್ಲವೂ ಒಟ್ಟಿಗೆ ಹೊಳೆಯಿತು, ಕಿವಿ ಬಿಸಿಯಾಯಿತು.

"ಅಂದ್ರೆ, ಎರಡು ಬಣ್ಣ ತೋರ್ಸಿ ಅಂದೆ," ಎಂದೆ.

ಹುಡುಗಿ ನೀಲಿ, ಕೆಂಪು ತಂದಳು. ಪದ್ಮ ನೀಲಿಯನ್ನು ತೆಗೆದುಕೊಂಡಳು. ಎಂ ಸೈಜು, ಅವಳಿಗೆ ಮೈಗೆ ಅಂಟಿದ ಹಾಗೆ ಸರಿಯಾಗಿತ್ತು.

ಮನೆಗೆ ಬರುವಾಗ ಸ್ಕೂಟರಿನ ಹಿಂದೆ ಕೂತು ಅವಳು ಟೆಂಟಿನ ಬಗ್ಗೆ, ಬೂಟಿನ ಬಗ್ಗೆ ಹೇಳುತ್ತಲೇ ಇದ್ದಳು. ನನಗೆ ಒಂದೂ ಕಿವಿಗೆ ಬೀಳಲಿಲ್ಲ. ಬೇಜಾರಾಗಿತ್ತು. ಹೊಟ್ಟೆಕಿಚ್ಚೂ ಆಗಿತ್ತು, ಸುಳ್ಳು ಯಾಕೆ ಹೇಳಲಿ. ನನ್ನನ್ನು ಬೇಡ ಅಂದಳೋ, ನಾನು ಬರುವುದಿಲ್ಲ ಅಂದುಕೊಂಡಳೋ, ಅಥವಾ ನಾನೆಂಬುವನು ಒಬ್ಬ ಇದ್ದೇನೆ ಎಂಬುದೇ ಅವಳ ಲೆಕ್ಕಕ್ಕೆ ಬರಲಿಲ್ಲವೋ? ಮೂರರಲ್ಲಿ ಯಾವುದು ಎಂದು ಹಿಂದಕ್ಕೆ ತಿರುಗಿ ಕೇಳಿದ್ದರೆ ಅವತ್ತೇ ಮುಗಿಯುತ್ತಿತ್ತು. "ನಾನೂ ಬರ್ತೀನಿ" ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಐವತ್ತೆರಡು ವರ್ಷದ ಗಂಡಸಿಗೆ ಆ ಮಾತು ಎರಡು ತಿಂಗಳಾದರೂ ಬಾಯಿಂದ ಹೊರಡಲಿಲ್ಲ.

ಹೊರಡದ ಮಾತಿನ ಜಾಗದಲ್ಲಿ ಜಾಕೆಟ್ಟಿನ ಚಿಂತೆ ಬಂದು ಕೂತಿತು. ನಾನಂತೂ ಜೊತೆಗಿರುವುದಿಲ್ಲ. ಹಿಮದಲ್ಲಿ ಅವಳನ್ನು ಕಾಯುವುದು ಈ ಅಂಗಿ ಒಂದೇ. ಮರುದಿನ ಅವಳು ಪಾರ್ಕಿಗೆ ಹೋಗಿದ್ದಾಗ ಜಾಕೆಟ್ಟನ್ನು ಅಂಗಡಿಗೆ ತಂದು ಮೊಳೆ ತೂಗುವ ತಕ್ಕಡಿಯ ಒಂದು ಕಡೆ ಇಟ್ಟೆ. ಇನ್ನೊಂದು ಕಡೆ ಎರಡಿಂಚಿನ ಮೊಳೆ ಹಾಕುತ್ತಾ ಹೋದೆ. ಎರಡು ಹಿಡಿ ಹಾಕುವಷ್ಟರಲ್ಲಿ ಸಮವಾಯಿತು. ಎರಡು ಹಿಡಿ ಮೊಳೆಯ ತೂಕದ ಈ ವಸ್ತುವಿನ ಮೇಲೆ ನನ್ನ ಹೆಂಡತಿಯನ್ನು ಬಿಟ್ಟು ನಾನು ಇಲ್ಲಿ ನಿದ್ದೆ ಮಾಡಬೇಕೇ ಎಂದು ಹೆದರಿಕೆಯಾಯಿತು.

ಆಗ ನೆನಪಾದವನು ವೆಂಕಟರಮಣಪ್ಪ. ಹೆಸರಘಟ್ಟದ ಕಡೆಯವನು, ನನ್ನ ಜೊತೆ ಹೈಸ್ಕೂಲಿನಲ್ಲಿ ಓದಿದವನು, ಯಾರ್ಡಿನ ಆ ಕೋಲ್ಡ್ ಸ್ಟೋರೇಜಿನಲ್ಲಿ ಮೇಸ್ತ್ರಿ. ಬೆಂಗಳೂರಿನಲ್ಲಿ ಸೊನ್ನೆಯ ಕೆಳಗಿನ ಚಳಿ ನೋಡಬೇಕಾದರೆ ಅವನ ಬಳಿಗೇ ಹೋಗಬೇಕು. ಜಾಕೆಟ್ಟನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, ಹಿಮಾಲಯಕ್ಕೆಂದು ಪದ್ಮಳಿಗೆ ಕೊಂಡದ್ದು ಎಂದು ತೋರಿಸಿದೆ. ಹುಣಸೆ, ಮೆಣಸಿನಕಾಯಿ ಇಡುವ ಕೋಣೆ ದಾಟಿ, ಹಸಿ ಬಟಾಣಿಯನ್ನು ಗಟ್ಟಿ ಮಾಡಿ ಇಡುವ ಒಳಕೋಣೆಗೆ ಅವನು ನನ್ನನ್ನು ಕರೆದುಕೊಂಡು ಹೋದ. ಜಾಕೆಟ್ ಹಾಕಿಕೊಂಡೆ. ತೋಳು ಮೊಣಕೈಯಿಂದ ಸ್ವಲ್ಪ ಕೆಳಗೆ ನಿಂತಿತು, ಜಿಪ್ಪು ಹೊಟ್ಟೆಯ ಹತ್ತಿರ ಬಂದು ಬರುವುದಿಲ್ಲ ಎಂದಿತು. ಉಸಿರು ಎಳೆದುಕೊಂಡು ಹೇಗೋ ಮೇಲಕ್ಕೆಳೆದೆ. ಐದು ನಿಮಿಷದಲ್ಲಿ ಬೆನ್ನು ಕೊರೆಯತೊಡಗಿತು, ಹಲ್ಲು ಕಟಕಟ ಎಂದವು.

"ನೋಡ್ದಾ, ಡುಪ್ಲಿಕೇಟು," ಎಂದೆ.

ವೆಂಕಟರಮಣಪ್ಪ ನನ್ನನ್ನು ಹೊರಗೆ ಎಳೆದು ತಂದ. ಮೊದಲು ಹೊಟ್ಟೆ ತುಂಬ ನಕ್ಕ.

"ಲೋ ಮುನಿರಾಜ, ಇಂಗೆ ಮೈಗ್ ಬಿಗ್ದು ಕಟ್ಕೊಂಡ್ರೆ ಬೆಚ್ಚಗ್ ಎಂಗಾಯ್ತದೆ? ಪುಕ್ಕ ಉಬ್ಬಬೇಕು ಕಣೋ. ಉಬ್ಬಿದ್ರೆ ಅದ್ರೊಳ್ಗೆ ಗಾಳಿ ನಿಲ್ತದೆ, ಆ ಗಾಳೀನೇ ಬೆಚ್ಚಗಿರೋದು. ನೀನು ಅಮುಕಿ ಸಾಯಿಸ್ಬುಟ್ಟಿದೀಯ. ಒಳ್ಗೆ ಎರಡು ಸ್ವೆಟರ್ ಆಕ್ಕೊಂಡ್ರೂ ಮೇಲೆ ಸಡ್ಲ ಇರೋ ಅಂತದ್ ತಗೋ."

ಚಾ ತರಿಸಿದ. ಕುಡಿಯುತ್ತಾ ಮೂಟೆ ಹೊರುವವರ ಕಡೆ ಕೈ ತೋರಿಸಿದ. ಅವರು ಬರೀ ಬನಿಯನ್ನಿನಲ್ಲಿ ಒಳಗೆ ಹೋಗಿ ಬಂದು ಮಾಡುತ್ತಿದ್ದರು. ಒಬ್ಬ ಮೂಟೆ ಇಳಿಸಿದವನೇ ಗೋಡೆಗೆ ತೂಗುಹಾಕಿದ್ದ ಹಳೇ ಕೋಟು ಎಳೆದು ಹಾಕಿಕೊಂಡ.

"ಒರೋವಾಗ ಚಳಿ ಆಗಾಕಿಲ್ಲ. ಇಳ್ಸಿ ನಿಂತ್ಕೋತೀವಲ್ಲ, ಆಗ ಇಡ್ಕೊಳ್ತದೆ. ನಡೆಯೋವಾಗ ತೆಗ್ದು ಚೀಲಕ್ಕಾಕು, ನಿಂತ ತಕ್ಷಣ ಆಕ್ಕೋ ಅಂತ ಯೋಳು ನಿನ್ ಎಂಡ್ತಿಗೆ. ಬೆವತ ಮೇಲೆ ಆಕ್ಕೊಂಡ್ರೆ ಒದ್ದೆಯಾಗಿ ಕೆಡ್ತದೆ." ಆಮೇಲೆ ಕೇಳಿದ, "ಅದ್ಸರಿ, ನಿನ್ ಜಾಕೆಟ್ಟೆಲ್ಲಿ?"

ಅವನಿಗೆ ನಡೆದದ್ದನ್ನು ಹೇಳಿದೆ. ಉಪ್ಪಿಟ್ಟಿನಿಂದ ಹಿಡಿದು ಎರಡು ಬಣ್ಣದವರೆಗೆ. ಅವನ ಮನೆಮಾತು ತೆಲುಗು. ಗ್ಲಾಸು ಕೆಳಗಿಟ್ಟು ಬಹಳ ಗಂಭೀರವಾಗಿ ಹೇಳಿದ.

"ನಮ್ ತೆಲುಗಲ್ಲಾದ್ರೆ ಈ ತಾಪತ್ರಯ ಇಲ್ಲಪ್ಪ. ಮನಂ ಅಂದ್ರೆ ನೀನೂ ಸೇರ್ದೆ. ಮೇಮು ಅಂದ್ರೆ ನಾವಷ್ಟೇ, ನೀನಿಲ್ಲ. ನಿಮ್ ಕನ್ನಡ್ದಾಗೆ ಎರಡಕ್ಕೂ ನಾವು. ಅವ್ರು ಮೇಮು ಅಂದವ್ರೆ, ನೀನು ಮನಂ ಅಂತ ಕೇಳುಸ್ಕಂಡಿದೀಯ."

"ಈಗೇನ್ ಮಾಡ್ಲಿ?"

"ನಾನೂ ಬತ್ತೀನಿ ಅನ್ನು. ಇನ್ನೇನ್ ಮಾಡ್ತೀಯ?"

ಸಂಜೆಯೇ ಹೆಬ್ಬಾಳಕ್ಕೆ ಹೋಗಿ ಜಾಕೆಟ್ ಬದಲಾಯಿಸಿದೆ. ಎಲ್ ಸೈಜು ಸಾಕಾಗುತ್ತಿತ್ತೇನೋ. ನಾನು ಎಕ್ಸೆಲ್ ಕೇಳಿ, ನನ್ನ ಶರ್ಟಿನ ಮೇಲೆ ಸ್ವೆಟರ್ ಹಾಕಿ, ಅದರ ಮೇಲೆ ತೊಟ್ಟು, ಕೈ ಮೇಲೆತ್ತಿ ಇಳಿಸಿ ನೋಡಿ ತಂದೆ. ಜಿಪ್ಪು ಕೊರಳಿನವರೆಗೆ ಸಲೀಸಾಗಿ ಬಂತು. ಅವಳಿಗೆಂದು ತರುವುದನ್ನು ನನ್ನ ಮೈಮೇಲೆ ಯಾಕೆ ಅಳೆದೆ ಎಂದು ಆಗ ಕೇಳಿದ್ದರೆ ಉತ್ತರ ಬರುತ್ತಿರಲಿಲ್ಲ.

ಪದ್ಮ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಳು. ಕೈಬೆರಳುಗಳು ತೋಳಿನೊಳಗೆ ಮಾಯವಾಗಿದ್ದವು.

"ದೊಡ್ಡದಾಗ್ಲಿಲ್ವೇನ್ರೀ?"

"ಒಳಗೆ ಎರಡು ಸ್ವೆಟರ್ ಹಾಕ್ಕೋಬೇಕಂತೆ. ಪುಕ್ಕ ಉಬ್ಬಬೇಕಂತೆ. ನಡೆಯೋವಾಗ ತೆಗಿ, ನಿಂತಾಗ ಹಾಕ್ಕೋ," ಎಂದು ವೆಂಕಟರಮಣಪ್ಪನ ಪಾಠವನ್ನು ಪೂರ್ತಿ ಒಪ್ಪಿಸಿದೆ. ಇನ್ನೂ ಒಂದು ಪಾಠವಿತ್ತು, ಅದನ್ನು ನುಂಗಿದೆ. ಪದ್ಮ ತೋಳನ್ನು ಎರಡು ಸುತ್ತು ಮಡಚಿಕೊಳ್ಳುತ್ತಾ ನನ್ನನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಜಾಕೆಟ್ಟನ್ನು ದೇವರ ಮುಂದಿಟ್ಟು, ಕಾಲರಿನ ಒಳಗಡೆ ಅರಿಶಿನ ಕುಂಕುಮ ಹಚ್ಚಿದಳು. ಮನೆಗೆ ಬಂದ ಯಾವ ಹೊಸಬಟ್ಟೆಯನ್ನೂ ಅವಳು ಹಾಗೇ ತೊಡುವವಳಲ್ಲ.

ಅಲ್ಲಿಂದ ಡಿಸೆಂಬರಿನವರೆಗೆ ನಾನು ಮಾಡಿದ್ದು ಅಭ್ಯಾಸ ಒಂದೇ. ಮೆಟ್ಟಿಲು ಹತ್ತುವುದನ್ನು ಬಿಡಲಿಲ್ಲ, ಯಾಕೆಂದು ನನಗೇ ಗೊತ್ತಿಲ್ಲ. ಹತ್ತುವಾಗ ಬಾಯಲ್ಲಿ ಮಾತಿನ ಅಭ್ಯಾಸ. ಒಂದನೇ ಮಹಡಿಯಲ್ಲಿ "ಪದ್ಮಾ, ನಾನೂ ಬರ್ತೀನಿ." ಎರಡನೆಯದರಲ್ಲಿ "ಅಂಗಡಿ ತಮ್ಮ ನೋಡ್ಕೋತಾನೆ, ನಾನೂ ಬರ್ತೀನಿ." ಟೆರೇಸಿನಲ್ಲಿ ಅವಳು ಬಟ್ಟೆ ಒಣಹಾಕುತ್ತಾ ಎದುರಿಗೇ ಇದ್ದರೆ, "ಮೋಡ ಆಗ್ಬಿಟ್ಟಿದೆ ಅಲ್ವಾ?" ನನಗೆ ಭಯವಿದ್ದದ್ದು ಅವಳು ಬೇಡ ಎಂದಾಳೆಂದಲ್ಲ. ಬೇಡ ಎನ್ನಲಾರದೆ ಸರಿ ಎಂದುಬಿಟ್ಟರೆ? ಇಪ್ಪತ್ತಾರು ವರ್ಷದಲ್ಲಿ ಅವಳು ತನ್ನದೆಂದು ಮಾಡಿಕೊಂಡಿದ್ದು ಆ ಐದು ಜನರ ನಡಿಗೆಯೊಂದೇ. ಅದರಲ್ಲೂ ನಾನು ಹೋಗಿ ಸೌತೆಕಾಯಿ ತಿನ್ನುತ್ತಾ ಕೂತರೆ? ಹೀಗೂ ಅನ್ನಿಸುತ್ತಿತ್ತು, ಹಾಗೂ ಅನ್ನಿಸುತ್ತಿತ್ತು, ದಿನ ಮಾತ್ರ ಹತ್ತಿರ ಬರುತ್ತಿತ್ತು.

ಹೊರಡುವ ದಿನ ಮಧ್ಯಾಹ್ನ ಯಶವಂತಪುರ ಸ್ಟೇಷನ್ನಿನಿಂದ ದೆಹಲಿ ರೈಲು. ಅವಳನ್ನೂ ಅವಳಷ್ಟೇ ಎತ್ತರದ ಚೀಲವನ್ನೂ ಆಟೋದಲ್ಲಿ ಕಳಿಸಿ ನಾನು ಸ್ಕೂಟರಿನಲ್ಲಿ ಹಿಂದೆ ಹೋದೆ. ಪ್ಲಾಟ್‌ಫಾರಂ ಮೇಲೆ ಲಲಿತಾ ಮೇಡಂ ಸೀಟಿ ಊದಿ ಎಲ್ಲರನ್ನೂ ಸೇರಿಸಿದರು. ಐದು ಜನ, ಐದು ಚೀಲ. ಪದ್ಮಳ ಚೀಲದ ತುದಿಯಿಂದ ನೀಲಿ ಬಟ್ಟೆಯ ಚೂರು ಇಣುಕುತ್ತಿತ್ತು. ಅವಳ ಮುಖದಲ್ಲಿದ್ದ ಸಂಭ್ರಮವನ್ನು ನಾನು ಮದುವೆಯ ದಿನವೂ ನೋಡಿದ ನೆನಪಿಲ್ಲ. ನೋಡಿ ಸಂತೋಷವಾಯಿತು.

ಅವಳು ಹತ್ತಿ ಕಿಟಕಿಯ ಪಕ್ಕ ಕೂತಳು. ಸರಳುಗಳ ನಡುವೆ ಕೈ ಹಾಕಿ ನನ್ನ ಕೈ ಮುಟ್ಟಿದಳು.

"ಫ್ರಿಜ್ಜಲ್ಲಿ ಹುಳಿ ಇದೆ. ಅನ್ನ ಮಾಡ್ಕೊಂಡ್ರೆ ಸಾಕು. ಬರ್ತೀನಿ ರೀ."

ನಮ್ಮಲ್ಲಿ ಹೊರಡುವವರು ಯಾರೂ ಹೋಗ್ತೀನಿ ಎನ್ನುವುದಿಲ್ಲ. ಹೋಗುವಾಗಲೂ ಬರ್ತೀನಿ ಎಂದೇ ಹೇಳುವುದು. ರೈಲು ಅಲುಗಿತು. ಎರಡು ತಿಂಗಳು ಮೂರು ಮಹಡಿ ಹತ್ತಿ ಇಳಿದ ಮಾತು ಆಗ ತಾನಾಗಿ ಹೊರಬಂತು.

"ಪದ್ಮಾ, ನಾನೂ ಬರ್ತೀನಿ," ಎಂದೆ.

"ಹೂಂ, ಬನ್ನಿ," ಎಂದಳು. "ಹುಷಾರು, ಗೊರಗುಂಟೆಪಾಳ್ಯದ ಹತ್ರ ಲಾರಿ ಜಾಸ್ತಿ."

ರೈಲು ಮುಂದೆ ಹೋಯಿತು. ಕೈ ಬೀಸಿದೆ, ಅವಳೂ ಬೀಸಿದಳು. ಕೊನೆಯ ಬೋಗಿ ದಾಟಿದ ಮೇಲೂ ನಿಂತೇ ಇದ್ದೆ. ನಾನು ಹೇಳಬೇಕಾದುದನ್ನು ಹೇಳಿದ್ದೆ, ಅವಳು ಬನ್ನಿ ಎಂದೂ ಅಂದಿದ್ದಳು. ಆದರೂ ಅವಳು ರೈಲಿನಲ್ಲಿದ್ದಳು, ನಾನು ಪ್ಲಾಟ್‌ಫಾರಂ ಮೇಲಿದ್ದೆ. ನಗಬೇಕೋ ಅಳಬೇಕೋ ತಿಳಿಯದೆ ಸ್ಕೂಟರ್ ತೆಗೆದೆ.

ಗೊರಗುಂಟೆಪಾಳ್ಯದಲ್ಲಿ ಅವಳು ಹೇಳಿದ ಹಾಗೆಯೇ ಲಾರಿಗಳು. ಫ್ಲೈಓವರಿನ ಕೆಳಗೆ ಸಿಕ್ಕಿಕೊಂಡಿದ್ದಾಗ ಜೇಬಿನಲ್ಲಿ ಫೋನು ಅಲುಗಿತು. ಸ್ಕೂಟರ್ ಪಕ್ಕಕ್ಕೆ ತಳ್ಳಿ, ಕಂಬದ ಮರೆಗೆ ನಿಂತು ಎತ್ತಿದೆ.

"ರೀ, ನೀವು ಆಗ್ಲೇ ಬರ್ತೀನಿ ಅಂದ್ರಲ್ಲ?"

"ಹೂಂ."

"ಯಾವ ಬರ್ತೀನಿ ಅದು?"

ಸುತ್ತ ಹಾರನ್ನುಗಳ ಗದ್ದಲ. ಇನ್ನೊಂದು ಕಿವಿಯನ್ನು ಕೈಯಿಂದ ಮುಚ್ಚಿಕೊಂಡೆ.

"ನಿನ್ ಜೊತೆ ಬರೋ ಬರ್ತೀನಿ," ಎಂದೆ.

ಅವಳ ಹಿಂದೆ ರೈಲಿನ ಸದ್ದು, ಲಲಿತಾ ಮೇಡಂ ಯಾರಿಗೋ ಚಕ್ಕುಲಿ ಹಂಚುತ್ತಿದ್ದ ಸದ್ದು ಕೇಳುತ್ತಿತ್ತು.

"ಮೊದ್ಲೇ ಹೇಳ್ಬಾರ್ದಿತ್ತೇನ್ರೀ?" ಎಂದಳು ಕೊನೆಗೆ. "ಜಾಕೆಟ್ಟು ಹೆಂಗಿದ್ರೂ ನಿಮ್ಮಳತೇದೇ ತಂದಿದ್ರಲ್ಲ."